ಕೋಳಿ ಮೆಶ್ ನಂಬಿ ಕೋಳಿಮರಿ ತರಬೇಡಿ

14 ಗಿರಿರಾಜ ತಳಿಯ ಕೋಳಿಮರಿ ತಂದಿದ್ದೆ. 9 ದಿನ ಆಗುವಷ್ಟರಲ್ಲಿ ಉಳಿದಿದ್ದು 5. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿ, ಮನೆ ಹಿಂದೆ ಅಡಿಕೆ ತೋಟ, ಅದರಾಚೆ ಕಾಡು. ಹಿತ್ತಲಲ್ಲಿ ಕೋಳಿ ಸಾಕಬೇಕು ಅಂತ ಗೂಡು ಮಾಡಿಸಿ ಕೂತವರು ಯಾರಾದರೂ ಇದ್ದರೆ, ಮರಿ ತರುವ ಮುಂಚೆ ಇದನ್ನೊಮ್ಮೆ ಓದಿಬಿಡಿ.

ಗೂಡು ನೋಡೋಕೆ ಚೆನ್ನಾಗೇ ಇತ್ತು. 4 ಅಡಿ ಉದ್ದ, 4 ಅಡಿ ಅಗಲ, ಮೇಲೆ ತಗಡು, ಗಾಳಿ ಆಡಲಿ ಅಂತ ಒಂದು ಬದಿಗೆ ಪೂರ್ತಿ ಕೋಳಿ ಮೆಶ್, ಅಂದರೆ ಆರು ಮೂಲೆ ಕಣ್ಣಿನ ತಂತಿ ಬಲೆ. ಮುಂದೆ ಓಡಾಡೋಕೆ 10 ಅಡಿಯ ಜಾಗ, ಅದಕ್ಕೂ ಸುತ್ತ ಅದೇ ಮೆಶ್. ಅಂಗಡಿಯವನು ‘ಹೆಸರೇ ಕೋಳಿ ಮೆಶ್ ಅಲ್ವಾ ಸಾರ್’ ಅಂದ. ನಾನೂ ಹೌದಲ್ಲ ಅಂದುಕೊಂಡೆ. ಮರಿಗಳಿಗೆ ಆರು ವಾರ ಅಂತ ಮಾರಿದವರು ಹೇಳಿದ್ದರು. ಲಸಿಕೆ ಎಲ್ಲಾ ಆಗಿದೆ ಅಂದರು. ಯಾವುದು, ಯಾವಾಗ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲ ತಪ್ಪು ಮಾಡಿದ್ದು ತಂದ ದಿನವೇ. ಪಾಪ, ರಟ್ಟಿನ ಡಬ್ಬದಲ್ಲಿ ಎರಡು ಗಂಟೆ ಕೂತು ಬಂದಿವೆ, ಸ್ವಲ್ಪ ಓಡಾಡಲಿ ಅಂತ ಸೀದಾ ಹೊರಗಿನ ಜಾಗಕ್ಕೆ ಬಿಟ್ಟೆ. ಬೆಲ್ಲದ ನೀರು ಕುಡಿದು, ಮಣ್ಣು ಕೆದರಿ ಖುಷಿಯಾಗಿದ್ದವು. ಸಂಜೆ ಆದಮೇಲೆ ತಾವಾಗೇ ಗೂಡಿಗೆ ಹೋಗುತ್ತವೆ ಅಂತ ಕಾದೆ. ಎಲ್ಲಿ ಹೋಗುತ್ತವೆ? ಅದು ತಮ್ಮ ಮನೆ ಅಂತ ಅವಕ್ಕೆ ಗೊತ್ತಿದ್ದರೆ ತಾನೇ! ಒಂದಷ್ಟು ಮೂಲೆಯಲ್ಲಿ ಮುದುರಿ ಕೂತವು, ಎರಡು ನೀರಿನ ಬಕೆಟ್ ಹಿಂದೆ. ಕತ್ತಲಾದಮೇಲೆ, ಮಳೆ ಹನಿಯೋಕೆ ಶುರುವಾದಮೇಲೆ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಒಂದೊಂದನ್ನೇ ಹಿಡಿದು ಗೂಡಿಗೆ ತುಂಬಿ ಬಾಗಿಲು ಹಾಕಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಗೂಡಿನ ಒಂದು ಮೂಲೆಯಲ್ಲಿ ಎಲ್ಲಾ ಒಂದರ ಮೇಲೊಂದು ಬಿದ್ದಿದ್ದವು. ಅಡಿಯಲ್ಲಿದ್ದ 3 ಮರಿ ಸತ್ತಿದ್ದವು. ಗಾಯ ಇಲ್ಲ, ರಕ್ತ ಇಲ್ಲ, ಅಪ್ಪಚ್ಚಿಯಾಗಿ ಮೈ ಒದ್ದೆಯಾಗಿತ್ತು ಅಷ್ಟೇ. ಉಸಿರು ಕಟ್ಟಿ ಸತ್ತಿದ್ದು. ಆ ಮರಿಗಳು ಹುಟ್ಟಿದಾಗಿನಿಂದ ರಾತ್ರಿಯಿಡೀ ಬಲ್ಬು ಉರಿಯುವ ಶೆಡ್ಡಿನಲ್ಲಿ ಬೆಳೆದವು, ಕತ್ತಲೆ ಅಂದರೇನು ಅಂತಲೇ ಗೊತ್ತಿಲ್ಲ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣೋದಿಲ್ಲ. ಗುರುತಿಲ್ಲದ ಜಾಗ, ಚಳಿ ಬೇರೆ. ಹೆದರಿ ಮೂಲೆಗೆ ನುಗ್ಗುತ್ತವೆ, ಹಿಂದಿನವು ಮುಂದಿನವನ್ನು ಒತ್ತುತ್ತವೆ.

ಆಮೇಲೆ ಮಾಡಿದ್ದು ಹೇಳುತ್ತೇನೆ. ಮೂಲೆಗಳಿಗೆ ರಟ್ಟು ಬಗ್ಗಿಸಿ ಇಟ್ಟು ಗುಂಡಗೆ ಮಾಡಿದೆ, ನುಗ್ಗೋಕೆ ಮೂಲೆಯೇ ಇಲ್ಲದ ಹಾಗೆ. ಮೊದಲ ಕೆಲವು ರಾತ್ರಿ ಸಣ್ಣ ಬಲ್ಬು ಹಾಕಿಟ್ಟೆ. ಹೊರಗೆ ಬಿಡಲೇ ಇಲ್ಲ, ಗೂಡಿನಲ್ಲೇ ನೀರು, ಅಲ್ಲೇ ತಿಂಡಿ. ಒಂದು ವಾರ ಹೀಗೆ ಕೂಡಿಹಾಕಿದರೆ ಆಮೇಲೆ ಬಿಟ್ಟರೂ ಸಂಜೆಗೆ ತಾವೇ ವಾಪಸ್ ಬರುತ್ತವೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಸರಿ, ಉಳಿದ 11 ಚೇತರಿಸಿಕೊಂಡವು. ಕೂರೋಕೆ ಅಂತ ಬಿದಿರಿನ ಗಳ ಕಟ್ಟಿದೆ. ಕಟ್ಟಿದ್ದು ಎಲ್ಲಿ? ಮೆಶ್‌ನಿಂದ ನಾಲ್ಕು ಬೆರಳು ದೂರದಲ್ಲಿ. ಗಾಳಿ ಚೆನ್ನಾಗಿ ಬರುತ್ತೆ ಅಂತ.

ಆರನೇ ರಾತ್ರಿ ಜೋರು ಮಳೆ, ಕರೆಂಟಿಲ್ಲ. ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿನಲ್ಲಿ ನಮಗೆ ಏನೂ ಕೇಳಿಸಲಿಲ್ಲ. ಬೆಳಿಗ್ಗೆ ಹೋದೆ. ಚಿಲಕ ಹಾಕಿದ ಹಾಗೇ ಇದೆ. ಮೆಶ್ ಎಲ್ಲೂ ಹರಿದಿಲ್ಲ. ಒಳಗೆ 4 ಮರಿ ಸತ್ತಿವೆ, ಎರಡಕ್ಕೆ ತಲೆಯೇ ಇಲ್ಲ. ಒಂದರ ರೆಕ್ಕೆ ಮೆಶ್‌ನ ಕಣ್ಣಿನಿಂದ ಹೊರಗೆ ಬಂದು ಅಲ್ಲೇ ಸಿಕ್ಕಿಕೊಂಡಿತ್ತು, ಪುಕ್ಕ ಎಲ್ಲಾ ತಂತಿಗೆ ಅಂಟಿತ್ತು. ಮೊದಲು ಅರ್ಥವೇ ಆಗಲಿಲ್ಲ ನನಗೆ. ಬಾಗಿಲು ತೆಗೆಯದೆ, ಬಲೆ ಹರಿಯದೆ ತಲೆ ಎಲ್ಲಿ ಹೋಯಿತು?

ಪಕ್ಕದ ಮನೆ ಅಜ್ಜಿ ಬಂದು ನೋಡಿದರು. ಮೆಶ್ ಕೆಳಗಿನ ಕೆಸರಲ್ಲಿ ಬೆಕ್ಕಿನ ಹೆಜ್ಜೆ ಥರದ ಗುರುತು ತೋರಿಸಿದರು. ‘ಕಾಡುಬೆಕ್ಕು ಮಾರಾಯಾ. ಕೈ ಹಾಕಿ ಎಳೆದದ್ದು. ನೀ ಕೋಳಿಗೆ ಗೂಡು ಕಟ್ಟಿದ್ಯೋ, ಬೆಕ್ಕಿಗೆ ಬಾಳೆ ಹಾಕಿ ಬಡಿಸಿದ್ಯೋ?’

ಆ ಆರು ಮೂಲೆಯ ಕಣ್ಣಿನ ಮೆಶ್ ಇರೋದು ಕೋಳಿ ಆಚೆ ಹೋಗದಿರಲಿ ಅಂತ ಮಾತ್ರ. ಅದರ ಒಂದು ಇಂಚಿನ ಕಣ್ಣಿನಲ್ಲಿ ಪಂಜ ಸಲೀಸಾಗಿ ತೂರುತ್ತದೆ. ತಂತಿಯೂ ಸಣ್ಣದು, ನಾಯಿ ಮನಸ್ಸು ಮಾಡಿದರೆ ಹಲ್ಲಲ್ಲೇ ಹರಿಯುತ್ತದೆ. ಹಾಕಬೇಕಾದದ್ದು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ತಂತಿಗಳನ್ನು ಬೆಸುಗೆ ಹಾಕಿ ಕೂಡಿಸಿದ ಚೌಕ ಕಣ್ಣಿನ ಬಲೆ. ದುಡ್ಡು ಜಾಸ್ತಿ, ಹೌದು. ಪೂರ್ತಿ ಹಾಕಲು ಆಗದಿದ್ದರೆ ಮಲಗುವ ಗೂಡಿಗಾದರೂ ಹಾಕಿ. ಗಳ ಯಾವ ಬದಿಯಿಂದಲೂ ಒಂದೂವರೆ ಅಡಿ ಒಳಗಿರಲಿ. ಹೊರಗಿನ ಜಾಗಕ್ಕೆ ಮೆಶ್ಶನ್ನು ನೆಲದ ಮಟ್ಟಕ್ಕೆ ನಿಲ್ಲಿಸಬೇಡಿ, ಮುಂಗುಸಿ ಹಗಲಲ್ಲೇ ಅಡಿಯಿಂದ ತೋಡಿ ಬರುತ್ತದೆ. ಒಂದೂವರೆ ಅಡಿಯಷ್ಟು ಹೊರಗಡೆಗೆ ನೆಲದ ಮೇಲೆ ಹಾಸಿ ಮೇಲೆ ಕಲ್ಲು ಹೇರಿ. ಹದ್ದು ಇರುವ ಕಡೆ ಮೇಲೂ ಮುಚ್ಚಬೇಕು.

ಉರುಳು ಹಾಕು, ವಿಷ ಇಡು ಅಂದವರೂ ಇದ್ದಾರೆ. ದಯವಿಟ್ಟು ಆ ಕೆಲಸ ಬೇಡ. ಕಾಡುಬೆಕ್ಕು, ಪುನುಗು, ಮುಂಗುಸಿ ಎಲ್ಲವೂ 1972ರ ವನ್ಯಜೀವಿ ಕಾಯ್ದೆಯಡಿ ಬರುತ್ತವೆ. ಅಷ್ಟಕ್ಕೂ ಇಟ್ಟ ವಿಷ ಮೊದಲು ತಿನ್ನೋದು ನಿಮ್ಮದೇ ನಾಯಿ.

ಉಳಿದದ್ದು 7. ಅದರಲ್ಲೂ 2 ಹೋದವು, ಅದು ರಕ್ತಭೇದಿ. ಮಳೆಯ ಇರಚಲು ಹೊಡೆದು ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿತ್ತು, ನಾನು ನಾಳೆ ಬದಲಾಯಿಸಿದರಾಯಿತು ಅಂತ ಬಿಟ್ಟಿದ್ದೆ. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಪಶು ಆಸ್ಪತ್ರೆಗೆ ಓಡಿದೆ, ನೀರಿಗೆ ಹಾಕೋ ಔಷಧಿ ಕೊಟ್ಟರು, ಐದು ಉಳಿದವು. ಹಿಡಿ ಹೊಟ್ಟು ಕೈಯಲ್ಲಿ ಹಿಂಡಿ ನೋಡಿ, ಉಂಡೆ ಕಟ್ಟಿದರೆ ಅವತ್ತೇ ತೆಗೆದು ಬಿಸಾಡಿ. ಅಲ್ಲಿನ ಡಾಕ್ಟರು ಲಸಿಕೆ ಬಗ್ಗೆ ಕೇಳಿದಾಗ ತಲೆ ತಗ್ಗಿಸಿ ನಿಂತೆ. ಹಾಕಿಸಬೇಕಾದದ್ದು ಇಷ್ಟು: ಕೊಕ್ಕರೆ ರೋಗಕ್ಕೆ (ರಾಣಿಖೇತ್ ಅಂತಲೂ ಹೇಳುತ್ತಾರೆ) ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎರಡನೇ ವಾರ ಗುಂಬೋರೊ ಅನ್ನೋ ರೋಗದ ಲಸಿಕೆ, ಮತ್ತೆ 8ನೇ ವಾರದ ಹೊತ್ತಿಗೆ ಕೊಕ್ಕರೆ ರೋಗಕ್ಕೇ ಇಂಜೆಕ್ಷನ್. ಮಾರುವವರ ಹತ್ತಿರ ತಾರೀಖು ಬರೆಸಿಕೊಳ್ಳಿ. ಬರೆದುಕೊಡದವರ ಹತ್ತಿರ ಮರಿ ತರಬೇಡಿ.

ತಳಿ ಬಗ್ಗೆ ಒಂದು ಮಾತು. ಗಿರಿರಾಜ ಕೆಟ್ಟ ಕೋಳಿಯಲ್ಲ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹಿತ್ತಲಿಗೆ ಅಂತಲೇ ಮಾಡಿದ ತಳಿ. ಆದರೆ ಮೈ ಭಾರ, ಬೆನ್ನಟ್ಟಿದರೆ ಹಾರಿ ತಪ್ಪಿಸಿಕೊಳ್ಳೋದು ಕಷ್ಟ. ಸ್ವರ್ಣಧಾರ ಅದಕ್ಕಿಂತ ಹಗುರ, ಹಗಲು ಬಿಟ್ಟು ಸಾಕುವವರು ಅದನ್ನು ನೋಡಬಹುದು. ಅಜ್ಜಿಯಂತೂ ಯಾವ ತಳಿಯಾದರೂ ರಾತ್ರಿಗೆ ಕೊಟ್ಟಿಗೆಯೊಳಗೆ ಬುಟ್ಟಿ ಕವುಚಿ ಮೇಲೆ ಕಲ್ಲು ಹೇರುತ್ತಾರೆ. ಅವರ ಒಂದು ಮರಿಯೂ ಹೋಗಿಲ್ಲ ಈ ವರ್ಷ.

ನನ್ನ ಐದರಲ್ಲಿ ಎರಡು ಹುಂಜ, ಮೂರು ಹೇಟೆ. ಈಗ ಸಂಜೆ ಆರಕ್ಕೆಲ್ಲ ಸಾಲಾಗಿ ತಾವೇ ಗೂಡು ಸೇರುತ್ತವೆ. ಹೊಸ ಮರಿ ತರೋದು ಇನ್ನು ಮಳೆಗಾಲ ಕಳೆದ ಮೇಲೆ. ಗೂಡಿಗೆ ವೆಲ್ಡ್ ಮೆಶ್ ಹಾಕಿ ಆಯಿತು. ಬಿಚ್ಚಿದ ಕೋಳಿ ಮೆಶ್ಶಿಗೆ ಬಸಳೆ ಹಬ್ಬಿಸಿದ್ದೇನೆ, ಅದಕ್ಕೆ ಚೆನ್ನಾಗಿದೆ.