ದುಬೈ, ಚೆನ್ನೈ, ರಾಮನಾಥಪುರ: ಮೀನು ನೋಡೋಕೆ ಎಲ್ಲಿಗೆ ಹೋಗಬೇಕು?

ಮೈಸೂರಿನವರಿಗೆ ಹುಲಿ, ಆನೆ ನೋಡೋಕೆ ಊರಲ್ಲೇ ಮೃಗಾಲಯ ಇದೆ. ಹಕ್ಕಿಗೆ ಪಕ್ಕದಲ್ಲೇ ರಂಗನತಿಟ್ಟು ಇದೆ. ಶಾರ್ಕ್ ನೋಡಬೇಕು ಅಂದರೆ ಮಾತ್ರ ದೂರ ಹೋಗಬೇಕು. ನಮ್ಮ ಮಗಳಿಗೆ ಮೀನಿನ ಹುಚ್ಚು, ನನಗೂ ಕಡಿಮೆಯೇನಿಲ್ಲ. ನಾದಿನಿ ಮನೆಗೆ ದುಬೈಗೆ ಹೋದಾಗ ಅಲ್ಲಿನ ಅಕ್ವೇರಿಯಂ ನೋಡಿದೆವು, ರಜೆಯಲ್ಲಿ ಚೆನ್ನೈನದನ್ನು ನೋಡಿದೆವು, ಕಾವೇರಿ ದಡದ ರಾಮನಾಥಪುರಕ್ಕಂತೂ ಆಗಾಗ ಹೋಗುತ್ತಿರುತ್ತೇವೆ. ಯಾವುದಕ್ಕೆ ಹೋದರೆ ಚೆನ್ನಾಗಿರುತ್ತೆ ಅಂತ ಕೇಳುವವರು ಜಾಸ್ತಿ. ಮಕ್ಕಳನ್ನು ಕರೆದುಕೊಂಡು ಅಕ್ವೇರಿಯಂ ಅಂತಲೇ ಹೋಗೋದಾದರೆ ಚೆನ್ನೈ ಸಾಕು. ದುಬೈಗೆ ಬೇರೆ ಕೆಲಸಕ್ಕೆ ಹೋದಾಗ ನೋಡಿಕೊಂಡು ಬಂದರಾಯಿತು. ಆದರೆ ಈ ಎರಡಕ್ಕಿಂತ ಮೊದಲು ರಾಮನಾಥಪುರಕ್ಕೆ ಹೋಗಿ ಬನ್ನಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ದುಬೈನ ಅಕ್ವೇರಿಯಂ ಇರುವುದು ದುಬೈ ಮಾಲ್ ಒಳಗೇ. 2008ರಲ್ಲಿ ಮಾಲ್ ಜೊತೆಗೇ ಶುರುವಾಯಿತು. ಮುಖ್ಯ ಟ್ಯಾಂಕ್ ಒಂದರಲ್ಲೇ ಒಂದು ಕೋಟಿ ಲೀಟರ್ ನೀರು. ಅದರ ಮುಂಭಾಗದ ಪಾರದರ್ಶಕ ಗೋಡೆ 32.88 ಮೀಟರ್ ಅಗಲ, 8.3 ಮೀಟರ್ ಎತ್ತರ, 75 ಸೆಂಟಿಮೀಟರ್ ದಪ್ಪ. ಗಾಜು ಅಂದುಕೊಳ್ಳುತ್ತೇವೆ, ಆದರೆ ಅದು ಅಕ್ರಿಲಿಕ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್. ಗಾಜನ್ನು ಅಷ್ಟು ದಪ್ಪ ಮಾಡಿದರೆ ಹಸಿರು ಬಣ್ಣಕ್ಕೆ ತಿರುಗುತ್ತದೆ, ಭಾರವೂ ವಿಪರೀತ. ಅಕ್ರಿಲಿಕ್ ಹಾಳೆಗಳನ್ನು ಒಂದರ ಮೇಲೊಂದು ಬೆಸೆದರೂ ತಿಳಿಯಾಗೇ ಇರುತ್ತದೆ.

ಈ ಗೋಡೆಯನ್ನು ನೋಡೋಕೆ ಟಿಕೆಟ್ ಬೇಡ. ಮಾಲ್‌ನಲ್ಲಿ ಓಡಾಡುವ ಯಾರು ಬೇಕಾದರೂ ಮುಂದೆ ನಿಂತುಕೊಂಡು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಟಿಕೆಟ್ ತೆಗೆದುಕೊಂಡರೆ ಅದೇ ಟ್ಯಾಂಕ್ ಒಳಗೆ ಹಾದುಹೋಗುವ 48 ಮೀಟರ್ ಸುರಂಗ, ಮೇಲಿನ ಮಹಡಿಯ ಪ್ರಾಣಿ ವಿಭಾಗ ಸಿಗುತ್ತದೆ. ಜಾಸ್ತಿ ದುಡ್ಡು ಕೊಟ್ಟರೆ ತಳದಲ್ಲಿ ಗಾಜಿರುವ ದೋಣಿ, ಶಾರ್ಕ್‌ಗಳ ನಡುವೆ ಡೈವಿಂಗ್ ಕೂಡ ಇದೆ. ನಾವು ಡೈವಿಂಗ್ ಮಾಡಲಿಲ್ಲ, ಸುರಂಗ ಮತ್ತು ಮೇಲಿನ ಮಹಡಿ ಮಾತ್ರ ನೋಡಿದೆವು.

ನನಗೆ ಸುರಂಗಕ್ಕಿಂತ ಹೊರಗಿನ ಗೋಡೆಯೇ ಇಷ್ಟವಾಯಿತು. ಅದಕ್ಕೆ ಕಾರಣವೂ ಇದೆ. ಚಪ್ಪಟೆ ಗೋಡೆಯ ಮೂಲಕ ನೋಡಿದಾಗ ಮೀನು ಇರುವ ದೂರದ ಮುಕ್ಕಾಲು ಪಾಲಿನಲ್ಲೇ ಇದ್ದ ಹಾಗೆ ಕಾಣುತ್ತದೆ. ಅಷ್ಟು ಹತ್ತಿರ ಬಂದಂತಾಗಿ ದೊಡ್ಡದಾಗಿಯೂ ಕಾಣುತ್ತದೆ. ಸುರಂಗದ ಕಮಾನಿನಲ್ಲಿ ಬೆಳಕು ಬೇರೆ ಥರ ಬಾಗುತ್ತದೆ, ಮೀನು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಸುರಂಗದಲ್ಲಿ ಸಿಗುವ ಲಾಭ ಒಂದೇ, ಹೊಟ್ಟೆಯ ಕಡೆಯಿಂದ ನೋಡಬಹುದು. ಸ್ಟಿಂಗ್‌ರೇ ಅನ್ನುವ ಚಪ್ಪಟೆ ಮೈಯ ಮೀನೊಂದು ನಮ್ಮ ತಲೆಯ ಮೇಲೆಯೇ ಬಂದು ಮಲಗಿತು. ಬೆಳ್ಳನೆಯ ಹೊಟ್ಟೆ, ಬಾಯಿಯ ಹಿಂದೆ ಎರಡೂ ಕಡೆ ಐದೈದು ಕಿವಿರಿನ ಸೀಳು, ಅವು ಮೆಲ್ಲಗೆ ತೆರೆದು ಮುಚ್ಚುತ್ತಿದ್ದವು. ಬಾಯಿಯ ಮೇಲಿರುವ ಎರಡು ತೂತುಗಳನ್ನು ಎಲ್ಲರೂ ಕಣ್ಣು ಅಂದುಕೊಂಡು ಫೋಟೋ ತೆಗೆಯುತ್ತಾರೆ. ಅವು ಮೂಗಿನ ಹೊಳ್ಳೆಗಳು. ಕಣ್ಣು ಬೆನ್ನಿನ ಕಡೆ ಇರುತ್ತದೆ.

ಸ್ಯಾಂಡ್ ಟೈಗರ್ ಶಾರ್ಕ್ ಬಗ್ಗೆ ಹೇಳದೇ ಇರೋಕಾಗಲ್ಲ. ಬಾಯಿ ಮುಚ್ಚಿದರೂ ಹಲ್ಲು ಹೊರಗೆ ಕಾಣುತ್ತದೆ, ನೋಡಿದರೆ ಭಯವಾಗುತ್ತದೆ. ಆದರೆ ಸಾಧು ಪ್ರಾಣಿ. ನೀರಿನ ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಅದರಿಂದಲೇ ಹೆಚ್ಚು ಈಜದೆ ನಡುನೀರಿನಲ್ಲಿ ತೇಲಿಕೊಂಡಿರುತ್ತದೆ. ಗೋಡೆಯ ಮುಂದೆ ಹತ್ತು ನಿಮಿಷ ಅಲ್ಲಾಡದೆ ನಿಂತರೆ ಇದೆಲ್ಲ ಕಾಣಿಸುತ್ತದೆ. ಮೇಲಿನ ಮಹಡಿಯಲ್ಲಿ ಐದು ಮೀಟರ್ ಉದ್ದದ, 750 ಕಿಲೋ ತೂಗುವ ಉಪ್ಪುನೀರಿನ ಮೊಸಳೆ ಇದೆ. ದೊಡ್ಡದೇ, ಒಪ್ಪುತ್ತೇನೆ. ಆದರೂ ರಂಗನತಿಟ್ಟಿನ ಬಂಡೆ ಮೇಲೆ ಬಾಯಿ ತೆರೆದುಕೊಂಡು ಬಿಸಿಲು ಕಾಯಿಸುವ ನಮ್ಮ ಹೊಳೆ ಮೊಸಳೆಯನ್ನು ದೋಣಿಯಿಂದ ನೋಡೋದೇ ನನಗೆ ಹೆಚ್ಚು ಖುಷಿ.

ಇನ್ನು ಚೆನ್ನೈ. ಈಸ್ಟ್ ಕೋಸ್ಟ್ ರಸ್ತೆಯ (ಈಸಿಆರ್) ಇಂಜಂಬಾಕ್ಕಂನಲ್ಲಿರುವ ವಿಜಿಪಿ ಮರೈನ್ ಕಿಂಗ್‌ಡಮ್ ಶುರುವಾಗಿದ್ದು 2019ರಲ್ಲಿ. ಗಾತ್ರದಲ್ಲಿ ದುಬೈಗೆ ಸಮ ಅಲ್ಲ. ಆದರೆ ಜೋಡಿಸಿರುವ ರೀತಿ ನನಗೆ ತುಂಬಾ ಹಿಡಿಸಿತು. ಮೊದಲು ಮಳೆಕಾಡು, ಆಮೇಲೆ ಕಮರಿ, ಅಳಿವೆಯ ಮ್ಯಾಂಗ್ರೋವ್ ಕಾಡು, ಕರಾವಳಿ, ಕೊನೆಗೆ ಆಳ ಸಮುದ್ರ. ಕಾಡಿನ ಹೊಳೆಯಿಂದ ಕಡಲಿನವರೆಗೆ ನೀರಿನ ಜೊತೆಗೇ ನಡೆದುಕೊಂಡು ಹೋದ ಹಾಗಾಗುತ್ತದೆ. ಸಿಹಿನೀರು ಎಲ್ಲಿ ಮುಗಿದು ಉಪ್ಪುನೀರು ಎಲ್ಲಿ ಶುರುವಾಗುತ್ತದೆ ಅಂತ ಮಗಳು ತಾನಾಗಿಯೇ ಕೇಳಿದಳು. ದುಬೈನಲ್ಲಿ ಅವಳು "ಅಮ್ಮಾ, ಎಷ್ಟು ದೊಡ್ಡದು!" ಅಂದಿದ್ದಳು ಅಷ್ಟೇ.

ಮಳೆಕಾಡಿನ ಭಾಗದಲ್ಲಿ ಅರಪೈಮಾ ಇದೆ. ಅಮೆಜಾನ್ ನದಿಯ ಮೀನು, ಸಿಹಿನೀರಿನ ಅತಿ ದೊಡ್ಡ ಮೀನುಗಳಲ್ಲೊಂದು. ಇದಕ್ಕೆ ಕಿವಿರು ಸಾಲದು. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಮೇಲೆ ಬಂದು ಉಸಿರೆಳೆದುಕೊಳ್ಳಲೇಬೇಕು. ಬಹಳ ಜನ ಒಂದು ಫೋಟೋ ತೆಗೆದು ಮುಂದೆ ಹೋಗಿಬಿಡುತ್ತಾರೆ. ದಯವಿಟ್ಟು ಅಲ್ಲಿ ಸುಮ್ನೆ ಕಾಯಿರಿ. ಆ ದೊಡ್ಡ ತಲೆ ಮೆಲ್ಲಗೆ ಮೇಲೇರಿ, ಗಬಕ್ಕನೆ ಗಾಳಿ ನುಂಗಿ, ಮತ್ತೆ ಕೆಳಗಿಳಿಯುವುದನ್ನು ಮಕ್ಕಳು ನೋಡಬೇಕು. ಕೊನೆಯಲ್ಲಿ ಇಲ್ಲೂ ಸುರಂಗ ಇದೆ, ಶಾರ್ಕ್ ಇದೆ, ಸ್ಟಿಂಗ್‌ರೇ ಇದೆ. ಅದಕ್ಕಾಗಿಯೇ ಪಾಸ್‌ಪೋರ್ಟ್ ಮಾಡಿಸಬೇಕಿಲ್ಲ. 2022ರ ನವೆಂಬರ್‌ನಿಂದ ವಂದೇ ಭಾರತ್ ರೈಲು ಇರುವುದರಿಂದ ನಮ್ಮೂರಿನಿಂದ ಚೆನ್ನೈ ಸುಮಾರು ಆರೂವರೆ ಗಂಟೆ. ಶನಿವಾರ, ಭಾನುವಾರ ಬಿಟ್ಟು ಹೋಗಿ. ಫ್ಲಾಶ್ ಹಾಕಬೇಡಿ, ಮೀನಿಗೂ ಒಳ್ಳೆಯದಲ್ಲ, ಫೋಟೋವೂ ಬರಲ್ಲ. ಫೋನನ್ನು ಗೋಡೆಗೆ ಒತ್ತಿ ಹಿಡಿದರೆ ಸಾಕು.

ಬೆಂಗಳೂರಿನ ಕಬ್ಬನ್ ಪಾರ್ಕ್ ಬಳಿಯ ಸರ್ಕಾರಿ ಮತ್ಸ್ಯಾಲಯ 1983ರದ್ದು. ಅಲ್ಲಿರುವುದು ಸಣ್ಣ ಟ್ಯಾಂಕ್‌ಗಳು, ಅಲಂಕಾರಿಕ ಮೀನುಗಳು. ಅದನ್ನು ಈ ಸಾಲಿಗೆ ಸೇರಿಸುವುದಿಲ್ಲ.

ರಾಮನಾಥಪುರ ಅಕ್ವೇರಿಯಂ ಅಲ್ಲ. ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ಊರು. ಮೈಸೂರಿನಿಂದ ಕೆ.ಆರ್. ನಗರದ ಮೇಲೆ ಹೋಗಬಹುದು. ಅಲ್ಲಿ ರಾಮೇಶ್ವರ ದೇವಸ್ಥಾನದ ಹತ್ತಿರ ಕಾವೇರಿಯಲ್ಲಿ ವಹ್ನಿ ಪುಷ್ಕರಿಣಿ ಅಂತ ಒಂದು ಮಡು ಇದೆ. ಅಲ್ಲಿರುವುದು ದೇವರ ಮೀನು, ಯಾರೂ ಹಿಡಿಯುವ ಹಾಗಿಲ್ಲ. ಪುರಿ (ಮಂಡಕ್ಕಿ) ಎರಚಿದರೆ ನೀರು ಕುದಿಯುವ ಹಾಗೆ ಮೇಲೆ ಬರುತ್ತವೆ. ಅವುಗಳಲ್ಲಿ ಮಹಶೀರ್ ಅನ್ನುವ ದೊಡ್ಡ ಹೊಳೆ ಮೀನನ್ನು ಗುರುತಿಸುವುದು ಸುಲಭ: ದಪ್ಪ ತುಟಿ, ಬಾಯಿಯ ಪಕ್ಕ ಎರಡು ಜೊತೆ ಮೀಸೆ, ಅಂಗೈ ಮೇಲೆ ಇಟ್ಟುಕೊಳ್ಳುವಂಥ ಅಗಲದ ಹುರುಪೆ. ಮಂಡ್ಯದ ನಮ್ಮ ಅತ್ತೆ ಮೆಟ್ಟಿಲ ಮೇಲೆ ಕೂತು ಮೊಮ್ಮಗಳಿಗೆ, "ನೋಡವ್ವ, ಬಾಯಿ ಹೆಂಗ್ ತೆಗೀತದೆ! ನಿಧಾನಕ್ಕೆ ಹಾಕು, ಎಲ್ಲಕ್ಕೂ ಸಿಗ್ಲಿ" ಅನ್ನುತ್ತಿದ್ದರು. ದುಬೈನ ಗೋಡೆ ಮುಂದೆ ಅತ್ತೆ ಇಷ್ಟು ಮಾತಾಡಿರಲಿಲ್ಲ.

ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಮಹಶೀರ್ ಒಂದಿದೆ, ಬೆನ್ನು ಗೂನಿನಂತಿರುವುದು. 1946ರಲ್ಲಿ ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕಿಲೋ. ಇಷ್ಟು ಹೆಸರಾದ ಮೀನಿನ ವೈಜ್ಞಾನಿಕ ಹೆಸರು ಖಚಿತವಾಗಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಮೆಜಾನ್ ಮೀನನ್ನು ಚೆನ್ನೈನಲ್ಲಿ ಬಾಯಿಬಿಟ್ಟುಕೊಂಡು ನೋಡುವ ನಮ್ಮ ಮಕ್ಕಳಿಗೆ ಮನೆ ಪಕ್ಕದ ಹೊಳೆಯ ಈ ಮೀನು ಗೊತ್ತೇ ಇಲ್ಲ. ನನಗೆ ತುಂಬಾ ಬೇಜಾರಾಗುವುದು ಇದಕ್ಕೇ. ಮೊದಲು ರಾಮನಾಥಪುರ ಅಂದದ್ದೂ ಇದಕ್ಕೇ. ದಡದಲ್ಲಿ ಕೂತು ಒಂದು ಮೀನಿನ ತುಟಿ, ಮೀಸೆ ಗಮನಿಸಿ ಬಂದ ಮಗು ದೊಡ್ಡ ಅಕ್ವೇರಿಯಂನಲ್ಲೂ ಓಡುವುದಿಲ್ಲ, ನಿಂತು ನೋಡುತ್ತದೆ. ನಮ್ಮ ಮಗಳಲ್ಲಿ ನಾನು ಕಂಡದ್ದು ಇದು.

ಮಳೆಗಾಲದಲ್ಲಿ ಹೋಗಬೇಡಿ. ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ಮೀನೂ ಕಾಣಲ್ಲ, ಮೆಟ್ಟಿಲೂ ಅಪಾಯ. ಡಿಸೆಂಬರ್ ಕಳೆದ ಮೇಲೆ ನೀರು ತಿಳಿಯಾಗಿರುತ್ತದೆ. ಪುರಿ ಬಿಟ್ಟು ಬ್ರೆಡ್ಡು, ಬಿಸ್ಕತ್ತು ಹಾಕಬೇಡಿ, ಪ್ಲಾಸ್ಟಿಕ್ ಕವರನ್ನು ವಾಪಸ್ ತನ್ನಿ.