ಕ್ರೂಸ್ ನಿಲುಗಡೆಯ ಬೀಚ್ ದಿನ: ‘ಎಲ್ಲಾ ಸೇರಿದೆ’ ಎಂದ ತಕ್ಷಣ ದುಡ್ಡು ಕೊಡಬೇಡಿ

ಕೆರಿಬಿಯನ್ ಕ್ರೂಸ್‌ಗೆ ಹೋದವರು ಅತಿ ಹೆಚ್ಚು ಆಸೆಪಟ್ಟು, ಅತಿ ಹೆಚ್ಚು ಕೈಸುಟ್ಟುಕೊಳ್ಳುವ ದಿನ ಒಂದಿದೆ: ಬಂದರಿನಲ್ಲಿ ಇಳಿದು, ಮರಳಿನ ಮೇಲೆ ನೆರಳಿನಲ್ಲಿ ಒರಗಿ, ಕೂತಲ್ಲಿಗೇ ತಣ್ಣನೆಯ ಪಾನೀಯ ತರಿಸಿಕೊಳ್ಳಬೇಕೆಂದುಕೊಂಡ ದಿನ. ಅದು ಕೆಡುವ ರೀತಿ ಹೆಚ್ಚುಕಮ್ಮಿ ಎಲ್ಲ ಬಂದರಿನಲ್ಲೂ ಒಂದೇ. ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ಹೇಗೆ ಕೆಡುತ್ತದೆ ನೋಡಿ.

ಹಡಗು ಬೆಳಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಡುವುದಿದೆ. ಪಿಯರ್‌ನ, ಅಂದರೆ ಹಡಗು ಕಟ್ಟುವ ಕಟ್ಟೆಯ, ಅಂಗಡಿ ಸಾಲು ದಾಟಿ ಹೊರಗೆ ಬರುತ್ತಿದ್ದಂತೆ ಲ್ಯಾಮಿನೇಟ್ ಮಾಡಿದ ಫೋಟೊ ಹಿಡಿದವನೊಬ್ಬ ಎದುರಾಗುತ್ತಾನೆ. ತಲೆಗೆ ಇಷ್ಟು ಡಾಲರ್, ಊಟ, ಡ್ರಿಂಕ್ಸ್, ಟ್ಯಾಕ್ಸಿ ಎಲ್ಲಾ ಸೇರಿದೆ ಎನ್ನುತ್ತಾನೆ. ಇಳಿದವರು ನಗದು ಕೊಟ್ಟು ಹೊರಡುತ್ತಾರೆ. ಅಲ್ಲಿಗೆ ಹೋದ ಮೇಲೆ ಒಂದೊಂದೇ ಬಯಲಾಗುತ್ತದೆ. ಡ್ರಿಂಕ್ಸ್ ಎಂದರೆ ಸ್ಥಳೀಯ ಬ್ರ್ಯಾಂಡ್ ಮಾತ್ರ. ನೀರಿನ ಪಕ್ಕದ ಕುರ್ಚಿಗೆ, ಕೊಡೆಗೆ ಬೇರೆ ದುಡ್ಡು. ವೇಟರ್ ಮರಳಿಗೆ ಬರುವುದಿಲ್ಲ, ಬಾರ್ ಮುಂದೆ ಸಾಲಿನಲ್ಲಿ ನಿಲ್ಲಬೇಕು. ‘ಸೇರಿದ್ದ’ ಟ್ಯಾಕ್ಸಿ ಹೋಗುವುದಕ್ಕೆ ಮಾತ್ರ, ವಾಪಸಿಗಲ್ಲ. ಮಧ್ಯಾಹ್ನ ಮೂರೂವರೆಗೆ ಎದ್ದು ಗೇಟಿಗೆ ಬಂದರೆ ನಾಲ್ಕೈದು ಹಡಗಿನವರು ಒಟ್ಟಿಗೇ ಟ್ಯಾಕ್ಸಿಗೆ ಕಾಯುತ್ತಿರುತ್ತಾರೆ. ಕೊನೆಗೆ ಪಿಯರ್ ಮೇಲೆ ಓಡಬೇಕಾಗುತ್ತದೆ.

ಇದರಲ್ಲಿ ಯಾವುದೂ ಹಿಂದಿನ ರಾತ್ರಿಯೇ ಕೇಳಿ ತಿಳಿದುಕೊಳ್ಳಲಾಗದ ಸಂಗತಿಯಲ್ಲ. ಬೀಚನ್ನು ಪಿಯರ್‌ನ ಗೇಟಿನಲ್ಲಿ ನಿಂತು ಆರಿಸುವುದೇ ಎಲ್ಲದರ ಮೂಲ.

ಮೊದಲು ಗಡಿಯಾರ. ಹಡಗು ಹೊರಡುವುದು ಹಡಗಿನ ಸಮಯಕ್ಕೆ, ಊರಿನ ಸಮಯಕ್ಕಲ್ಲ. ಅಮೆರಿಕದ ಮಯಾಮಿಯಿಂದ ಹೊರಡುವ ಹಲವು ಹಡಗುಗಳು ಇಡೀ ಪ್ರಯಾಣದಲ್ಲಿ ಮಯಾಮಿ ಸಮಯವನ್ನೇ ಇಟ್ಟುಕೊಂಡಿರುತ್ತವೆ. ಕೊಜುಮೆಲ್ ಮತ್ತು ಕೋಸ್ಟಾ ಮಾಯಾ ಬಂದರು ಇರುವ ಕಿಂಟಾನಾ ರೋ ರಾಜ್ಯದಲ್ಲಿ 2015ರಿಂದ ವರ್ಷವಿಡೀ ಒಂದೇ ಸಮಯ. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವುದಿಲ್ಲ. ಮಯಾಮಿಯಲ್ಲಿ ತಿರುಗಿಸುತ್ತಾರೆ. ಹಾಗಾಗಿ ಚಳಿಗಾಲದಲ್ಲಿ ಎರಡೂ ಕಡೆ ಒಂದೇ ಸಮಯ, ಆದರೆ ಮಾರ್ಚ್ ಮಧ್ಯದಿಂದ ನವೆಂಬರ್ ಆರಂಭದವರೆಗೆ ಕೊಜುಮೆಲ್ ಒಂದು ಗಂಟೆ ಹಿಂದೆ ಇರುತ್ತದೆ. ದಡಕ್ಕೆ ಇಳಿದ ಕೂಡಲೇ ಫೋನ್ ತಾನಾಗಿ ಊರಿನ ಸಮಯಕ್ಕೆ ಬದಲಾಗುತ್ತದೆ. ಫೋನಿನಲ್ಲಿ ಮೂರೂವರೆ ಎಂದು ನೆಮ್ಮದಿಯಾಗಿ ಇನ್ನೊಂದು ಗ್ಲಾಸ್ ಹೇಳುವ ಹೊತ್ತಿಗೆ ಹಡಗಿನಲ್ಲಿ ನಾಲ್ಕೂವರೆ ಆಗಿರುತ್ತದೆ. ಹೊಂಡುರಾಸ್‌ನ ರೊಆಟಾನ್‌ನಲ್ಲಿ ಈ ಅಂತರ ಇನ್ನೂ ದೊಡ್ಡದು: ಮಯಾಮಿಗಿಂತ ಚಳಿಗಾಲದಲ್ಲಿ ಒಂದು ಗಂಟೆ, ಬೇಸಿಗೆಯಲ್ಲಿ ಎರಡು ಗಂಟೆ ಹಿಂದೆ. ಸೇಂಟ್ ಮಾರ್ಟಿನ್, ಸೇಂಟ್ ಥಾಮಸ್ ದ್ವೀಪಗಳ ಕಡೆ ಚಳಿಗಾಲದಲ್ಲಿ ಊರಿನ ಸಮಯವೇ ಒಂದು ಗಂಟೆ ಮುಂದಿರುತ್ತದೆ; ಅಲ್ಲಿ ತಪ್ಪಾದರೆ ಬೇಗ ವಾಪಸು ಬಂದಿರುತ್ತೀರಿ, ಅಷ್ಟೇ. ಆದರೆ ಕೆಲವು ಹಡಗುಗಳು ದಾರಿಯಲ್ಲೇ ಊರಿನ ಸಮಯಕ್ಕೆ ಹೊಂದಿಕೊಳ್ಳುತ್ತವೆ, ಆದ್ದರಿಂದ ಊಹೆ ಬೇಡ. ಇಳಿಯುವ ಬಾಗಿಲಿನ ಬಳಿ ಹಡಗಿನ ಸಮಯ ಕೇಳಿ, ಸಾದಾ ಕೈಗಡಿಯಾರವನ್ನು ಅದಕ್ಕೆ ಹೊಂದಿಸಿ, ದಿನವಿಡೀ ಅದನ್ನೊಂದೇ ನೋಡಿ.

ಆಮೇಲೆ ಹಿಂದಿನಿಂದ ಲೆಕ್ಕ ಹಾಕಿ. ಐದಕ್ಕೆ ಹೊರಡುವ ಹಡಗಿಗೆ ಎಲ್ಲರೂ ಹತ್ತಿರಬೇಕಾದ ಸಮಯ ಸಾಮಾನ್ಯವಾಗಿ ನಾಲ್ಕೂವರೆ. ಕೆಲವು ಕಂಪನಿಗಳಲ್ಲಿ ನಾಲ್ಕು. ಪಿಯರ್‌ಗೆ ಒಂದು ಗಂಟೆ ಮೊದಲೇ ಬಂದಿರಬೇಕು, ಅಂದರೆ ಮೂರೂವರೆ. ಕೊಜುಮೆಲ್‌ನ ಮರಳಿರುವ ಬೀಚ್ ಕ್ಲಬ್‌ಗಳು (ದುಡ್ಡು ಕೊಟ್ಟರೆ ಕುರ್ಚಿ, ನೆರಳು, ಊಟ-ಪಾನೀಯ ಸಿಗುವ ಜಾಗಗಳು) ದೊಡ್ಡ ಪಿಯರ್‌ಗಳಿಂದ ದಕ್ಷಿಣಕ್ಕೆ ಹತ್ತು-ಹದಿನೈದು ಕಿಲೋಮೀಟರ್ ದೂರದಲ್ಲಿವೆ. ಪ್ರಯಾಣಕ್ಕೆ 25 ನಿಮಿಷ, ಟ್ಯಾಕ್ಸಿ ಸಿಗಲು 20 ನಿಮಿಷ ಇಟ್ಟುಕೊಂಡರೆ ಎರಡೂ ಮುಕ್ಕಾಲಿಗೆ ಕುರ್ಚಿ ಬಿಟ್ಟೇಳಬೇಕು. ಬೆಳಗ್ಗೆ ಹಡಗಿನಿಂದ ಬಿಡುವುದು ಎಂಟೂವರೆ ಹೊತ್ತಿಗೆ, ಮರಳು ಮುಟ್ಟುವುದು ಒಂಬತ್ತೂ ಮುಕ್ಕಾಲಿಗೆ. ಒಂಬತ್ತು ಗಂಟೆಯ ನಿಲುಗಡೆಯಲ್ಲಿ ನಿಮಗೆ ಸಿಗುವುದು ಐದು ಗಂಟೆ. ಕ್ಲಬ್‌ನ ಡೇ ಪಾಸಿನ, ಅಂದರೆ ಒಂದು ದಿನದ ಪ್ರವೇಶದ, ಬೆಲೆಯನ್ನು ಈ ಐದು ಗಂಟೆಗೆ ಹಂಚಿ ನೋಡಿ. ಎರಡೋ ಮೂರೋ ಗ್ಲಾಸ್ ಕುಡಿಯುವವರಿಗೆ ಎಲ್ಲಾ ಸೇರಿದ ಪಾಸ್ ಬಹುತೇಕ ನಷ್ಟ.

ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಕೈಗೆ ಸಿಗುವ ಹೊತ್ತು ಇನ್ನೂ ಕಡಿಮೆ. ಅಲ್ಲಿ ದೊಡ್ಡ ಹಡಗು ಕಟ್ಟುವ ಪಿಯರ್ ಇಲ್ಲ. ಹಡಗು ಲಂಗರು ಹಾಕಿ ನಿಲ್ಲುತ್ತದೆ, ಟೆಂಡರ್ ಎಂಬ ಚಿಕ್ಕ ದೋಣಿಯಲ್ಲಿ ಜಾರ್ಜ್ ಟೌನ್ ಪಟ್ಟಣಕ್ಕೆ ಹೋಗಬೇಕು. ಹೋಗುವಾಗ ಟೋಕನ್ ಸಾಲು, ಬರುವಾಗ ಬಿಸಿಲಿನಲ್ಲಿ ದೋಣಿಯ ಸಾಲು. ನಿಮಗೆ ಲೆಕ್ಕಕ್ಕೆ ಬರುವುದು ಹಡಗು ಹೊರಡುವ ಸಮಯವಲ್ಲ, ಕೊನೆಯ ಟೆಂಡರ್‌ನ ಸಮಯ. ಚಳಿಗಾಲದಲ್ಲಿ ವಾಯವ್ಯದ ಗಾಳಿ ಎದ್ದರೆ ಹಡಗನ್ನು ದ್ವೀಪದ ದಕ್ಷಿಣದ ಸ್ಪಾಟ್ಸ್ ಕಡೆಗೆ ಒಯ್ಯುತ್ತಾರೆ, ಇಲ್ಲವೇ ನಿಲುಗಡೆಯನ್ನೇ ಕೈಬಿಡುತ್ತಾರೆ. ಅದಕ್ಕೇ ಮುಂಗಡ ಕೊಡುವ ಮುನ್ನ ‘ಹಡಗು ಬರದಿದ್ದರೆ ಪೂರ್ತಿ ಹಣ ವಾಪಸ್’ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತು ಸಾಲದು.

ಈಗ ಬೆಲೆಯ ಭಾಷೆ. ‘ಆಲ್ ಇನ್‌ಕ್ಲೂಸಿವ್’, ‘ಓಪನ್ ಬಾರ್’, ‘ಕೊನ್ಸುಮೊ ಮಿನಿಮೊ’ ಈ ಮೂರೂ ಬೇರೆ ಬೇರೆ. ಓಪನ್ ಬಾರ್‌ನಲ್ಲಿ ಪಾನೀಯ ಮಾತ್ರ, ಊಟ ಇರದಿರಬಹುದು. ಅದರ ಪಕ್ಕದಲ್ಲಿ ‘ನಾಸಿಯೊನಾಲ್’ ಎಂದಿದ್ದರೆ ಆಮದು ಮದ್ಯ ಸೇರಿಲ್ಲ. ಕೊನ್ಸುಮೊ ಮಿನಿಮೊ ಎಂದರೆ ಪ್ರವೇಶ ಶುಲ್ಕವಲ್ಲ, ನೀವು ಇಷ್ಟು ಮೊತ್ತದ ತಿಂಡಿ-ಪಾನೀಯ ತೆಗೆದುಕೊಳ್ಳಲೇಬೇಕು ಎಂಬ ಷರತ್ತು. ನಿಧಾನವಾಗಿ ಕುಡಿಯುವ ಇಬ್ಬರಿಗೆ ಈ ಮೂರನೆಯದೇ ಹೆಚ್ಚಾಗಿ ಒಳ್ಳೆಯದು, ಯಾಕೆಂದರೆ ಕೊಟ್ಟ ದುಡ್ಡೆಲ್ಲ ತಟ್ಟೆಗೂ ಗ್ಲಾಸಿಗೂ ಬರುತ್ತದೆ. ಅದು ತಲೆಗೋ, ಕುರ್ಚಿಗೋ, ಕೊಡೆಗೋ ಎಂದು ಕೇಳಲು ಮರೆಯಬೇಡಿ. ಮೆಕ್ಸಿಕೋದಲ್ಲಿ ಕಡಲತೀರ ಸಾರ್ವಜನಿಕ ಆಸ್ತಿ. ಕ್ಲಬ್ ಹಣ ಕೇಳುವುದು ಕುರ್ಚಿ, ನೆರಳು, ಶೌಚಾಲಯ, ಸೇವೆಗೆ. ಸಮುದ್ರಕ್ಕಲ್ಲ.

ಡಾಲರ್ ಚಿಹ್ನೆಯೂ ಮೋಸ ಮಾಡುತ್ತದೆ. ಮೆಕ್ಸಿಕೋದಲ್ಲಿ ಪೆಸೊಗೂ ಅದೇ ಚಿಹ್ನೆ. ಕೇಮನ್‌ನಲ್ಲಿ ಮೆನು ಹೆಚ್ಚಾಗಿ ಕೇಮನ್ ಡಾಲರ್‌ನಲ್ಲಿರುತ್ತದೆ, ಅಂಗಡಿಗಳಲ್ಲಿ ಒಂದು ಅಮೆರಿಕನ್ ಡಾಲರ್‌ಗೆ 80 ಕೇಮನ್ ಸೆಂಟ್ ಲೆಕ್ಕ. ಅಂದರೆ ಮೆನುವಿನ 12, ನಿಮ್ಮ ಜೇಬಿನಿಂದ 15. ಬಾರ್ಬಡೋಸ್‌ನಲ್ಲಿ ತಿರುಗುಮುರುಗು: ಎರಡು ಬಾರ್ಬಡೋಸ್ ಡಾಲರ್ ಸೇರಿದರೆ ಒಂದು ಅಮೆರಿಕನ್ ಡಾಲರ್. ಮೊದಲ ಗ್ಲಾಸ್ ಹೇಳುವ ಮುನ್ನವೇ ಯಾವ ಡಾಲರ್ ಎಂದು ಕೇಳಿ. ಬಿಲ್ಲಿನಲ್ಲಿ ತೆರಿಗೆ ಸೇರಿದೆಯೇ, ಸರ್ವಿಸ್ ಚಾರ್ಜ್ ಈಗಾಗಲೇ ಹಾಕಿದ್ದಾರೆಯೇ ನೋಡಿ. ಹಾಕಿದ್ದರೆ ಮತ್ತೆ ಟಿಪ್ಸ್ ಕೊಡಬೇಕಿಲ್ಲ. ಮೆಕ್ಸಿಕೋದಲ್ಲಿ ಟಿಪ್ಸ್ ಕಾನೂನಿನ ಪ್ರಕಾರ ಐಚ್ಛಿಕ. ಕಾರ್ಡ್ ಯಂತ್ರ ಪೆಸೊ ಬೇಕೋ ಡಾಲರ್ ಬೇಕೋ ಎಂದು ಕೇಳಿದರೆ ಪೆಸೊ ಒತ್ತಿ. ಡಾಲರ್ ಒತ್ತಿದರೆ ಪರಿವರ್ತನೆಯ ದರ ಅವರದ್ದಾಗುತ್ತದೆ.

ಕೂತಲ್ಲಿಗೇ ತರುತ್ತಾರೆಯೇ ಎಂಬುದು ಬೇರೆಯದೇ ಪ್ರಶ್ನೆ. ‘ಬಾರ್ ಇದೆ’ ಎಂದರೆ ವೇಟರ್ ಇದ್ದಾನೆ ಎಂದಲ್ಲ. ಸೇಂಟ್ ಥಾಮಸ್‌ನ ಮೇಗನ್ಸ್ ಬೇ ನಿಜಕ್ಕೂ ಚೆಲುವಾದ ಜಾಗ, ಆದರೆ ಅದು ಪ್ರವೇಶ ಶುಲ್ಕವಿರುವ ಸಾರ್ವಜನಿಕ ಉದ್ಯಾನ. ಕುರ್ಚಿ ಬಾಡಿಗೆಗೆ ಸಿಗುತ್ತದೆ, ಬಾರ್ ಇದೆ, ಎದ್ದು ಹೋಗಿ ತರಬೇಕು. ಕ್ಲಬ್‌ನವರ ಜಾಹೀರಾತಿನ ಫೋಟೊ ಬಿಟ್ಟು, ಹೋಗಿ ಬಂದವರು ಇತ್ತೀಚೆಗೆ ಹಾಕಿದ ಫೋಟೊ ನೋಡಿ. ಕೊಡೆಯ ಕಂಬಕ್ಕೆ ಸಂಖ್ಯೆಯ ಬಿಲ್ಲೆ, ಕುರ್ಚಿಗಳ ನಡುವೆ ಪುಟ್ಟ ಮೇಜು, ಕರೆಯಲು ಬಾವುಟ ಕಂಡರೆ ಸೇವೆ ಮರಳಿನವರೆಗೂ ಬರುತ್ತದೆ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಲೋಟ ಹಿಡಿದ ಸಾಲು ಕಂಡರೆ ಬರುವುದಿಲ್ಲ. ಅದೇ ದಿನ ಎಷ್ಟು ಹಡಗು ಬರುತ್ತವೆ ಎಂದು ಬಂದರಿನ ವೇಳಾಪಟ್ಟಿಯಲ್ಲಿ ನೋಡಿ. ಐದಾರು ಹಡಗುಗಳಿರುವ ದಿನ ಒಳ್ಳೆಯ ಕ್ಲಬ್‌ನ ವೇಟರ್ ಕೂಡ ಅರ್ಧ ಗಂಟೆಗೊಮ್ಮೆ ಬಂದರೆ ಪುಣ್ಯ. ಆ ದಿನ ಜನರ ಸಂಖ್ಯೆಗೆ ಮಿತಿ ಇಟ್ಟುಕೊಂಡು, ಮುಂಗಡ ಕಾಯ್ದಿರಿಸುವ ಕ್ಲಬ್ಬನ್ನೇ ಹಿಡಿಯಿರಿ.

ನೀರು ಹೇಗಿರುತ್ತದೆ ಎಂಬುದನ್ನೂ ದಿಕ್ಕು ನೋಡಿಯೇ ಬಹುಮಟ್ಟಿಗೆ ಹೇಳಬಹುದು. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಕಡಲಕಳೆ ವಸಂತದಿಂದ ಬೇಸಿಗೆಯ ಕೊನೆಯವರೆಗೆ ರಾಶಿ ರಾಶಿಯಾಗಿ ಕೆರಿಬಿಯನ್ ತೀರಗಳಿಗೆ ಬಂದು ಬೀಳುತ್ತಿದೆ. ಪೂರ್ವಕ್ಕೆ ಮುಖ ಮಾಡಿದ ಕಡೆ ಕಾಟ ಹೆಚ್ಚು: ಕೋಸ್ಟಾ ಮಾಯಾದ ಮಹಾವಾಲ್, ಸೇಂಟ್ ಮಾರ್ಟಿನ್‌ನ ಓರಿಯಂಟ್ ಬೇ. ಕೊಳೆಯತೊಡಗಿದರೆ ಹೈಡ್ರೋಜನ್ ಸಲ್ಫೈಡ್ ಅನಿಲದ ಕೊಳೆತ ಮೊಟ್ಟೆಯ ವಾಸನೆ; ಆ ವಾಸನೆಯಲ್ಲಿ ಯಾವ ಕಾಕ್‌ಟೇಲೂ ರುಚಿಸದು. ಕೊಜುಮೆಲ್‌ನ ಪಶ್ಚಿಮ ತೀರ, ಗ್ರ್ಯಾಂಡ್ ಕೇಮನ್‌ನ ಸೆವೆನ್ ಮೈಲ್ ಬೀಚ್ ಬಹುಮಟ್ಟಿಗೆ ಪಾರಾಗುತ್ತವೆ. ಎರಡು ದಿನ ಮುಂಚೆ ಆ ತೀರದ ವೆಬ್‌ಕ್ಯಾಮ್ ನೋಡಿ, ಆಮೇಲೆ ದುಡ್ಡು ಕಟ್ಟಿ. ಇನ್ನೊಂದು ಮಾತು: ಕೊಜುಮೆಲ್ ಪಟ್ಟಣಕ್ಕೆ ಹತ್ತಿರದ ಕ್ಲಬ್‌ಗಳಲ್ಲಿ ಹೆಚ್ಚಿನವು ಬಂಡೆಯ ತೀರದಲ್ಲಿವೆ, ಏಣಿ ಹಿಡಿದು ನೀರಿಗಿಳಿಯಬೇಕು. ಸ್ನಾರ್ಕೆಲ್ ಮಾಡುವವರಿಗೆ, ಅಂದರೆ ಉಸಿರುಕೊಳವೆ ಕಟ್ಟಿಕೊಂಡು ನೀರೊಳಗೆ ನೋಡುತ್ತ ಈಜುವವರಿಗೆ, ಅದು ಸೊಗಸು. ಪುಟ್ಟ ಮಕ್ಕಳನ್ನು ಕರೆದುಕೊಂಡು ಮೊಣಕಾಲು ನೀರಿನಲ್ಲಿ ಆಡಿಸಬೇಕೆನ್ನುವವರಿಗೆ ಆಗದು.

ದೂರದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಜಮೈಕಾದ ಫಾಲ್ಮತ್‌ನಲ್ಲಿ ಇಳಿದವರಿಗೆ ನೆಗ್ರಿಲ್ ಬೀಚ್ ಮಾರುವವರಿದ್ದಾರೆ. ಒಂದು ದಿಕ್ಕಿಗೇ ಎರಡು ಗಂಟೆಯ ಹಾದಿ, ಅದನ್ನು ಬಿಟ್ಟುಬಿಡಿ. ಸೇಂಟ್ ಮಾರ್ಟಿನ್‌ನಲ್ಲಿ ಮಾಹೋ ಬೀಚ್ ಕಡೆಗೆ ಹೋದರೆ ವಾಪಸು ಬರುವಾಗ ಸಿಂಪ್ಸನ್ ಬೇ ಸೇತುವೆಯನ್ನು ದೋಣಿಗಳಿಗಾಗಿ ಎತ್ತುತ್ತಾರೆ, ವಾಹನಗಳು ಉದ್ದಕ್ಕೆ ನಿಲ್ಲುತ್ತವೆ. ಆ ದಿನ ಸೇತುವೆ ತೆರೆಯುವ ಸಮಯ ಮೊದಲೇ ತಿಳಿದಿರಲಿ. ಅಲ್ಲಿನ ಫಿಲಿಪ್ಸ್‌ಬರ್ಗ್‌ನ ಗ್ರೇಟ್ ಬೇ ಪಿಯರ್‌ನಿಂದ ನಡೆದೇ ಹೋಗುವಷ್ಟು ಹತ್ತಿರ. ಗ್ರ್ಯಾಂಡ್ ಟರ್ಕ್ ದ್ವೀಪದಲ್ಲಂತೂ ಬೀಚ್ ಹಡಗಿನ ಪಕ್ಕದಲ್ಲೇ ಇದೆ. ನಿಲುಗಡೆ ಆರು ಗಂಟೆಗಿಂತ ಕಡಿಮೆಯಿದ್ದರೆ ಇಂಥ ಹತ್ತಿರದ ತೀರಗಳನ್ನೇ ಆರಿಸಿ, ಉಳಿದವನ್ನು ಇನ್ನೊಂದು ಪ್ರಯಾಣಕ್ಕಿಡಿ. ಟ್ಯಾಕ್ಸಿ ಹತ್ತುವ ಮುನ್ನ ದರ ಒಬ್ಬರಿಗೋ ಇಡೀ ಗಾಡಿಗೋ, ಒಂದು ದಿಕ್ಕಿಗೋ ಎರಡಕ್ಕೋ ಎಂದು ಕೇಳಿ. ವಾಪಸಿನ ದುಡ್ಡು ಮೊದಲೇ ಕೊಡಬೇಡಿ.

ಕುಡಿಯುವುದರಲ್ಲಿ ಒಂದು ಎಚ್ಚರ, ಇದು ಜೀವದ ಪ್ರಶ್ನೆ. ಕಲಬೆರಕೆ ಮದ್ಯದ ಕುರಿತು 2017ರಲ್ಲಿ ಅಮೆರಿಕ ಸರ್ಕಾರ ಮೆಕ್ಸಿಕೋಗೆ ಹೋಗುವ ತನ್ನ ಪ್ರವಾಸಿಗರನ್ನು ಎಚ್ಚರಿಸಿತ್ತು. ಅಪರಿಚಿತ ಜಾಗದಲ್ಲಿ ಕಣ್ಣೆದುರೇ ತೆರೆದ ಬಿಯರ್ ಬಾಟಲಿ ಅಥವಾ ಕ್ಯಾನ್ ಎಲ್ಲಕ್ಕಿಂತ ಸುರಕ್ಷಿತ. ಮಿಶ್ರಣದ ಪಾನೀಯ ಬೇಕಿದ್ದರೆ ಬಾರ್ ಬಳಿ ನಿಂತು, ಲೇಬಲ್ ಇರುವ ಬಾಟಲಿಯಿಂದ ಹಾಕುವುದನ್ನು ನೋಡಿ. ಕುಡಿದದ್ದಕ್ಕೆ ಹೊಂದದಷ್ಟು ಅಮಲು, ದೃಷ್ಟಿ ಮಬ್ಬು, ವಾಂತಿ ಶುರುವಾದರೆ ಹಡಗಿಗೆ ಹೋಗಿ ಮಲಗಿದರಾಯಿತು ಎನ್ನಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ. ಒಂದೊಂದು ಗ್ಲಾಸಿಗೂ ನಡುವೆ ಒಂದು ಬಾಟಲಿ ನೀರು ಇರಲಿ. ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯಬೇಡಿ, ಕುಡಿದಿದ್ದರಂತೂ ಇಳಿಯಲೇಬೇಡಿ.

ಹಡಗಿನಲ್ಲಿ ಕೊಂಡ ಡ್ರಿಂಕ್ಸ್ ಪ್ಯಾಕೇಜ್ ಊರಿನ ಯಾವ ಬಾರಿನಲ್ಲೂ ನಡೆಯುವುದಿಲ್ಲ. ಕ್ರೂಸ್ ಕಂಪನಿಯ ಸ್ವಂತ ದ್ವೀಪದಲ್ಲಿ ಒಂದು ಕಂಪನಿಯದು ನಡೆಯುತ್ತದೆ, ಇನ್ನೊಂದರದು ಇಲ್ಲ. ರಾಯಲ್ ಕೆರಿಬಿಯನ್‌ನ ಪ್ಯಾಕೇಜ್ ಅವರ ಕೋಕೋಕೇ ದ್ವೀಪದಲ್ಲಿ ನಡೆಯುತ್ತದೆ. ನಿಯಮ ಬದಲಾಗುತ್ತಿರುತ್ತದೆ, ಹತ್ತುವ ವಾರ ನಿಮ್ಮ ಬುಕಿಂಗ್‌ನ ಪುಟದಲ್ಲೇ ಓದಿಕೊಳ್ಳಿ.

ಹಡಗಿನವರೇ ಮಾರುವ ಬೀಚ್ ಪ್ರವಾಸ ದುಬಾರಿ ನಿಜ, ಆದರೆ ಅದು ತಡವಾದರೆ ಹಡಗು ಕಾಯುತ್ತದೆ, ಅಥವಾ ಕಂಪನಿಯೇ ಮುಂದಿನ ಬಂದರಿಗೆ ಕಳಿಸುವ ಹೊಣೆ ಹೊರುತ್ತದೆ. ನೀವಾಗಿ ಹೋದರೆ ಎರಡೂ ಇಲ್ಲ. ಟೆಂಡರ್ ಬಂದರು, ದೂರದ ತೀರ, ಮೊದಲ ಪ್ರಯಾಣ ಈ ಮೂರರಲ್ಲಿ ಎರಡು ಸೇರಿದರೆ ಹೆಚ್ಚಿನ ದುಡ್ಡು ಕೊಡುವುದೇ ಸರಿ. ನೀವಾಗಿಯೇ ಹೋಗುವುದಾದರೆ ಆ ಊರಿನಲ್ಲಿ ಹಡಗು ಕಂಪನಿಯ ಕೆಲಸ ನೋಡಿಕೊಳ್ಳುವ ಬಂದರು ಏಜೆಂಟರ ಫೋನ್ ನಂಬರ್ ಆ ದಿನದ ಹಡಗಿನ ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿರುತ್ತದೆ. ಇಳಿಯುವ ಮುನ್ನ ಅದರ ಫೋಟೊ ತೆಗೆದುಕೊಳ್ಳಿ. ಪಾಸ್‌ಪೋರ್ಟಿನ ಪ್ರತಿ, ಒಂದು ಕ್ರೆಡಿಟ್ ಕಾರ್ಡ್, ದಿನವೂ ತಪ್ಪಿಸಬಾರದ ಔಷಧಿ ಜಲನಿರೋಧಕ ಚೀಲದಲ್ಲಿ ಜೊತೆಗಿರಲಿ. ಹಡಗು ತಪ್ಪಿದರೆ ಮೊದಲ ಕರೆ ಆ ಏಜೆಂಟರಿಗೆ ಹೋಗಬೇಕು. ಹಲವು ಹಡಗುಗಳಲ್ಲಿ ಸಿಬ್ಬಂದಿಯವರು ಬರದವರ ಕೋಣೆಯ ತಿಜೋರಿ ತೆರೆದು ಪಾಸ್‌ಪೋರ್ಟ್ ತೆಗೆದು, ಹೊರಡುವ ಮುನ್ನ ಏಜೆಂಟರ ಕೈಗೇ ಕೊಟ್ಟು ಹೋಗುತ್ತಾರೆ.