ನಾಲ್ಕು ಮಳೆಗಾಲ ಕಂಡ ನಮ್ಮ ಮಳೆಮಾಪಕ

ಮೊದಲೇ ಹೇಳಿಬಿಡುತ್ತೇನೆ. ಬಾಯಿ 10 ಸೆಂ.ಮೀ. ಅಗಲ, ಒಳಗೊಂದು ಸಪೂರ ಕೊಳವೆ, ಅದರ ಸುತ್ತ ದೊಡ್ಡ ಕೊಳವೆ, ಮೇಲೆ ಆಲಿಕೆ. ಹೀಗಿರುವ ಪ್ಲಾಸ್ಟಿಕ್ ಮಳೆಮಾಪಕ ಎಲ್ಲಿ ಸಿಕ್ಕಿದರೂ ಕೊಳ್ಳಿ. ಕಂಪೆನಿಯ ಹೆಸರಿಗಿಂತ ಅಳತೆ ಮುಖ್ಯ. ನಮ್ಮದು 2022ರ ಮೇ ತಿಂಗಳಲ್ಲಿ ಬಂದದ್ದು, ಇನ್ನೂ ಅಂಗಳದ ತುದಿಯಲ್ಲಿ ನಿಂತಿದೆ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆ, ಕೆಳಗೆ ತೋಡು, ನಡುವೆ ಎರಡು ಎಕರೆ ಅಡಿಕೆ ತೋಟ. ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ಪಾಠ ಮಾಡುತ್ತೇನೆ. ಮಳೆ, ಗಾಳಿ, ಕಾಡು, ಮರುಭೂಮಿ ಎಲ್ಲ ಪಾಠದಲ್ಲಿ ಬರುತ್ತದೆ. ಆದರೆ ಮಾಪಕ ಬೇಕು ಅಂತ ಅನಿಸಿದ್ದು ಪಾಠದಿಂದಲ್ಲ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಿಂದ.

ಆ ಚಂಡಮಾರುತ ನಮ್ಮ ಕರಾವಳಿಗೆ ಅಪ್ಪಳಿಸಲಿಲ್ಲ. ಅರಬ್ಬಿ ಸಮುದ್ರದಲ್ಲೇ ಬಡಗು ದಿಕ್ಕಿಗೆ ಸಾಗಿ, ಮೇ 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟಿತು. ಆದರೂ ಹಾದುಹೋಗುವಾಗ ನಮ್ಮಲ್ಲಿ ಎರಡು ದಿನ ಮಳೆ ನಿಲ್ಲಲಿಲ್ಲ. ಕಡಲ ಬದಿಯವರ ಪಾಡು ಇನ್ನೂ ಕಷ್ಟದ್ದು. ತೋಡು ಉಕ್ಕಿ ಕೆಳಗಿನ ಸಾಲಿನ ಅಡಿಕೆ ಮರಗಳ ಬುಡಕ್ಕೆ ಬಂತು. ಮರುದಿನ ಎಲ್ಲರೂ ಫೋನಿನಲ್ಲಿ "ಭಾರೀ ಮಳೆ, ಭಾರೀ ಮಳೆ" ಅನ್ನುತ್ತಿದ್ದರು. ಎಷ್ಟು ಬಂತು ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಮಾವ ಮಾತ್ರ, "ಅಂಗಳದಲ್ಲಿಟ್ಟ ಕೊಪ್ಪರಿಗೆ ತುಂಬಿತ್ತು" ಅಂದರು. ಅಷ್ಟಾದರೂ ಒಂದು ಲೆಕ್ಕ ಅಲ್ವಾ? ಆ ವಾರವೇ ಆನ್‌ಲೈನಿನಲ್ಲಿ ಒಂದು ಮಾಪಕ ತರಿಸಿದೆ.

ಆ ಮೊದಲನೆಯದು ಮೋಸವಾಯಿತು. ಸಣ್ಣ ಕೊಳವೆ, ಮೇಲೊಂದು ಬಾಯಿ, ಮೈಮೇಲೆ ಗೀಟು. ನೋಡಲು ಚಂದವೇ ಇತ್ತು. ಒಂದು ಮಳೆಗಾಲ ಪೂರ್ತಿ ದಿನಾ ಬರೆದಿಟ್ಟೆ. ಕೆಳಗಿನ ಮನೆಯ ಅಣ್ಣನ ಬಳಿಯೂ ಒಂದು ಮಾಪಕ ಇದೆ. ಅವರ ಲೆಕ್ಕ ಯಾವಾಗಲೂ ನನ್ನದಕ್ಕಿಂತ ಕಡಿಮೆ. ಇನ್ನೂರು ಮೀಟರಿನಲ್ಲಿ ದಿನಾ ಅಷ್ಟು ವ್ಯತ್ಯಾಸ ಹೇಗೆ ಅಂತ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದು ಭಾನುವಾರ ಸ್ಕೇಲು, ಮದ್ದಿನ ಸಿರಿಂಜು ಹಿಡಿದು ಕುಳಿತೆ.

ಈ ಪರೀಕ್ಷೆ ಎಲ್ಲರೂ ಮಾಡಬಹುದು, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು. ಮಾಪಕದ ಬಾಯಿ 10 ಸೆಂ.ಮೀ. ಅಗಲ ಇದ್ದರೆ ಅದರ ಜಾಗ 78.5 ಚದರ ಸೆಂ.ಮೀ. ಹಾಗಾಗಿ 78.5 ಮಿ.ಲೀ. ನೀರು ಹೊಯ್ದರೆ ಗೀಟು ಸರಿಯಾಗಿ 10 ಮಿ.ಮೀ. ತೋರಿಸಬೇಕು. ಬಾಯಿಯ ಅಗಲ ಬೇರೆ ಇದ್ದರೆ ಅರ್ಧ ಅಗಲವನ್ನು ಅದರಿಂದಲೇ ಗುಣಿಸಿ, ಮತ್ತೆ 3.14ರಿಂದ ಗುಣಿಸಿದರೆ ಆಯಿತು. ನನ್ನ ಮಾಪಕಕ್ಕೆ 10 ಮಿ.ಮೀ.ಯ ನೀರು ಹೊಯ್ದರೆ ಅದು 12 ತೋರಿಸಿತು. ಎರಡು ಸಲ ಹೊಯ್ದೆ, ಎರಡು ಸಲವೂ 12. ಬಾಯಿಗೂ ಗೀಟಿಗೂ ಸಂಬಂಧವೇ ಇರಲಿಲ್ಲ! 120 ಅಂತ ಬರೆದ ದಿನ ನಿಜಕ್ಕೆ ಬಂದದ್ದು 100. ಒಂದು ವರ್ಷದ ಪುಸ್ತಕ ಪೂರ್ತಿ 1.2ರಿಂದ ಭಾಗಿಸಿ ಮತ್ತೆ ಬರೆದೆ. ಮಾರಿದವರಿಗೆ ಪತ್ರ ಹಾಕಿದೆ, ಉತ್ತರ ಬರಲಿಲ್ಲ.

ಎರಡನೆಯದನ್ನು ಬದಿಯಡ್ಕದ ಕೃಷಿ ಸಾಮಾನಿನ ಅಂಗಡಿಯವರು ತರಿಸಿಕೊಟ್ಟರು. ಕೊಳ್ಳುವ ಮೊದಲು ಅಂಗಡಿಯಲ್ಲೇ ನೀರು ಹೊಯ್ದು ನೋಡುತ್ತೇನೆ ಅಂದೆ. ಅವರು ಬೇಸರ ಮಾಡಲಿಲ್ಲ, ತಾವೇ ನೀರು ತಂದುಕೊಟ್ಟರು. 78 ಮಿ.ಲೀ. ಚಿಲ್ಲರೆಗೆ 10ರ ಗೀಟು ಮುಟ್ಟಿತು. ಅಲ್ಲಿಯೇ ಹಣ ಕೊಟ್ಟೆ.

ಇದರ ಒಳ್ಳೆಯ ಗುಣ ಆ ಸಪೂರ ಕೊಳವೆ. ಆಲಿಕೆಯ ಬಾಯಿಯ ಹತ್ತನೇ ಒಂದು ಪಾಲು ಮಾತ್ರ ಅದರ ಜಾಗ. ಹಾಗಾಗಿ ಒಂದು ಮಿ.ಮೀ. ಮಳೆ ಒಂದು ಸೆಂ.ಮೀ. ಎತ್ತರಕ್ಕೆ ನಿಲ್ಲುತ್ತದೆ. ಹನಿ ಮಳೆಯನ್ನೂ ಓದಬಹುದು. ಕನ್ನಡಕ ಬೇಕಾಗುವ ಮಾವನಿಗೂ ಕಾಣುತ್ತದೆ. 25 ಮಿ.ಮೀ. ದಾಟಿದರೆ ನೀರು ಹೊರಗಿನ ದೊಡ್ಡ ಕೊಳವೆಗೆ ಚೆಲ್ಲಿ ಅಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಅದನ್ನು ಸಪೂರ ಕೊಳವೆಗೆ ಸ್ವಲ್ಪ ಸ್ವಲ್ಪ ಹೊಯ್ದು ಅಳೆದು ಕೂಡಿಸಬೇಕು. ಒಟ್ಟು 280 ಮಿ.ಮೀ. ತನಕ ಹಿಡಿಯುತ್ತದೆ.

ನಮ್ಮ ಕಡೆಯವರಿಗೆ ಇದು ತುಂಬಾ ಮುಖ್ಯ. 100 ಮಿ.ಮೀ.ಗೆ ತುಂಬಿಹೋಗುವ ಮಾಪಕ ಬೇರೆ ಊರಿಗೆ ಸಾಕು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಜುಲೈ-ಆಗಸ್ಟಿನ ಆಟಿ ತಿಂಗಳ ಒಂದು ರಾತ್ರಿ ಸಾಕು, ಸಣ್ಣ ಮಾಪಕ ತುಂಬಿ ಚೆಲ್ಲಲು. ಚೆಲ್ಲಿದ ಮೇಲೆ ಆ ದಿನದ ಲೆಕ್ಕ ಹೋಯಿತು. ಬೇಕಾದ ದಿನವೇ ಅದು.

ಇಡುವ ಜಾಗದ ವಿಷಯ. ತೋಟದೊಳಗೆ ಇಡಲೇಬೇಡಿ. ಸೋಗೆಯಿಂದ ಇಳಿಯುವ ನೀರು ಒಂದೋ ಹೆಚ್ಚು ತೋರಿಸುತ್ತದೆ, ಇಲ್ಲವೇ ಕಡಿಮೆ. ಹತ್ತಿರದ ಮರ ಅಥವಾ ಮಾಡು ಎಷ್ಟು ಎತ್ತರವೋ ಅದರ ಎರಡು ಪಾಲಾದರೂ ದೂರ ಬೇಕು. ಅಡಿಕೆ ಮರ 50 ಅಡಿ ಇದ್ದರೆ 100 ಅಡಿ ಆಚೆ. ನಮ್ಮಲ್ಲಿ ಅಷ್ಟು ಬಯಲು ಇರುವುದು ಅಡಿಕೆ ಒಣಗಿಸುವ ಅಂಗಳದ ತುದಿಯಲ್ಲಿ ಮಾತ್ರ. ಹವಾಮಾನ ಇಲಾಖೆಯ ಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರ ಇರುತ್ತದೆ. ನಮ್ಮದನ್ನು ನಾಯಿಯ ಕಾಟಕ್ಕೆ ಸ್ವಲ್ಪ ಮೇಲೆ ಕಂಬಕ್ಕೆ ಕಟ್ಟಿದ್ದೇವೆ. ಓದುವುದು ಬೆಳಿಗ್ಗೆ 8.30ಕ್ಕೆ, ಇಲಾಖೆಯವರ ಹೊತ್ತೇ. ಹಾಗೆ ಮಾಡಿದರೆ ಮಾತ್ರ ನಮ್ಮ ಲೆಕ್ಕವನ್ನು ಅವರ ಲೆಕ್ಕದ ಪಕ್ಕ ಇಡಬಹುದು. ಶಾಲೆ ಇರುವ ದಿನ ಆ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ. ಆಗ ಮಾವ ಓದುತ್ತಾರೆ. ಪುಸ್ತಕದಲ್ಲಿ ಮಳೆ ನಕ್ಷತ್ರಕ್ಕೂ ಒಂದು ಸಾಲು ಬೇಕು ಅಂತ ಹಠ ಮಾಡಿ ಗೀಟು ಹಾಕಿಸಿದ್ದು ಅವರೇ. ಈಗ ಆರಿದ್ರೆಯಲ್ಲಿ ಎಷ್ಟು ಬಂತು, ಪುನರ್ವಸುವಿನಲ್ಲಿ ಎಷ್ಟು ಅಂತ ನಾಲ್ಕು ವರ್ಷದ ಲೆಕ್ಕ ನಮ್ಮಲ್ಲಿದೆ. ನನಗೆ ಆ ಸಾಲು ತುಂಬಾ ಇಷ್ಟ.

ಮಾಪಕ ಬಂದ ಮೇಲೆ ಹವಾಮಾನದ ಸುದ್ದಿ ಓದುವ ರೀತಿಯೇ ಬದಲಾಯಿತು. ಮೊದಲು ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಅಂದರೆ ನಮ್ಮ ಮಕ್ಕಳಿಗೆ ಕಲೆಕ್ಟರ್ ರಜೆ ಕೊಡುತ್ತಾರೋ ಇಲ್ಲವೋ ಅನ್ನುವುದಷ್ಟೇ. ಈಗ ಇಲಾಖೆಯವರ ಪದಗಳಿಗೆ ಅಂಗಳದಲ್ಲೇ ಅರ್ಥ ಸಿಗುತ್ತದೆ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಅವರ ಲೆಕ್ಕದಲ್ಲಿ ಭಾರೀ ಮಳೆ. 115.6ರಿಂದ ಮೇಲೆ ಅತಿ ಭಾರೀ. 204.4 ದಾಟಿದರೆ ಅದಕ್ಕೂ ಮೇಲಿನದು. 100 ಮಿ.ಮೀ. ಬಂದ ದಿನ ನಮ್ಮ ಒಂದು ಎಕರೆಗೆ 4 ಲಕ್ಷ ಲೀಟರ್ ನೀರು ಬಿದ್ದಿರುತ್ತದೆ. ಇದನ್ನು ಬೋರ್ಡಿನಲ್ಲಿ ಬರೆದ ದಿನ ಏಳನೇ ತರಗತಿಯ ಮಕ್ಕಳು ಒಂದು ನಿಮಿಷ ಮಾತಾಡಲಿಲ್ಲ.

ಜಿಲ್ಲೆಗೆ ಕಿತ್ತಳೆ ಎಚ್ಚರಿಕೆ ಇದ್ದ ದಿನವೂ ನಮ್ಮ ಗುಡ್ಡೆಯ ಬುಡದಲ್ಲಿ 20 ಮಿ.ಮೀ. ಮಾತ್ರ ಬಂದದ್ದುಂಟು. ಎಚ್ಚರಿಕೆ ಇಡೀ ಜಿಲ್ಲೆಗೆ, ಮೋಡ ಒಂದೊಂದು ಊರಿಗೆ. ಎಚ್ಚರಿಕೆ ಸುಳ್ಳಲ್ಲ ಅಂತ ಮನೆಯವರಿಗೆ ಬಿಡಿಸಿ ಹೇಳಲು ನನಗೆ ಪುಸ್ತಕವೇ ಬೇಕಾಯಿತು. ಅದೇ ದಿನ ಬಾಯಾರಿನಲ್ಲಿರುವ ತಂಗಿಯ ಮನೆಯಲ್ಲಿ ಸುರಿದಿತ್ತು.

ಮದ್ದು ಬಿಡುವ ಸಮಯದಲ್ಲಿ ಈ ಪುಸ್ತಕದ ಬೆಲೆ ಗೊತ್ತಾಗುತ್ತದೆ. ಮಹಾಳಿಗೆ, ಅಂದರೆ ಅಡಿಕೆಯ ಕೊಳೆರೋಗಕ್ಕೆ, ನಾವು ಬಿಡುವುದು ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕಲಸಿದ ಮೇಲೆ ಅಂದೇ ಮುಗಿಸಬೇಕು, ಗೊನೆಯ ಮೇಲೆ ಒಣಗಲು ಬಿಸಿಲು ಬೇಕು. 2023ರಲ್ಲಿ ಕೇರಳಕ್ಕೆ ಮುಂಗಾರು ಬಂದದ್ದು ಜೂನ್ 8ಕ್ಕೆ, ಸಮಯ ಸಿಕ್ಕಿತು. 2025ರಲ್ಲಿ ಮೇ 24ಕ್ಕೇ ಬಂತು, ಸರಿಯಾಗಿ ತುಳುನಾಡಿನವರು ಮಳೆಗಾಲದ ಶುರು ಅಂತ ಎಣಿಸುವ ಪತ್ತನಾಜೆಯ ಹೊತ್ತಿಗೆ. ಆ ಸಲ ನಮ್ಮ ಮೊದಲ ಮದ್ದು ಆಗಿರಲಿಲ್ಲ. ನಮ್ಮವರು ಆಗ ಫೋನಿನಲ್ಲಿದ್ದ ಯಾವುದೋ ಒಂದು ಆಪ್ ನಂಬಿ, "ಮಧ್ಯಾಹ್ನದ ತನಕ ಮಳೆ ಇಲ್ಲ" ಅಂತ ಮೂರು ಡ್ರಮ್ ಕಲಸಿದರು. ಹತ್ತು ಗಂಟೆಗೆ ಶುರುವಾಯಿತು. ಒಂದು ಗಂಟೆಯಲ್ಲಿ 18 ಮಿ.ಮೀ. ಎಲ್ಲ ತೊಳೆದುಹೋಯಿತು. ಆ ದಿನದ ಸಂಬಳ, ಮೈಲುತುತ್ತಿನ ಹಣ, ಎಲ್ಲ ನಷ್ಟ. ಅಂದಿನಿಂದ ಆ ಆಪ್ ಫೋನಿನಲ್ಲಿಲ್ಲ. ಈಗ ನೋಡುವುದು ಇಲಾಖೆಯ ಮೌಸಮ್ ಆಪ್, ಜೊತೆಗೆ ಹಿಂದಿನ ಮೂರು ದಿನದ ನಮ್ಮದೇ ಲೆಕ್ಕ. ಮಳೆ 40, 15, 3 ಅಂತ ಇಳಿಯುತ್ತಾ ಬಂದು, ಮುನ್ಸೂಚನೆಯೂ ಹಸಿರು ಇದ್ದರೆ ಮಾತ್ರ ಮೈಲುತುತ್ತು ನೆನೆ ಹಾಕುತ್ತೇವೆ.

ಸಿಡಿಲಿನ ವಿಷಯದಲ್ಲಿ ಮಾಪಕ ಏನೂ ಮಾಡಲಾರದು, ಅದಕ್ಕೆ ದಾಮಿನಿ ಆಪ್ ಇಟ್ಟುಕೊಳ್ಳಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ್ದು, ಹಣ ಇಲ್ಲ. ನಾವಿರುವ ಜಾಗದ ಸುತ್ತ 20 ಮತ್ತು 40 ಕಿ.ಮೀ. ವೃತ್ತದಲ್ಲಿ ಎಲ್ಲಿ ಮಿಂಚು ಹೊಡೆಯುತ್ತಿದೆ ಅಂತ ತೋರಿಸುತ್ತದೆ.

ನಮ್ಮಲ್ಲಿ ಜೂನ್, ಜುಲೈ ಮಳೆ ಪಡುವಿನಿಂದ, ಕಡಲ ಕಡೆಯಿಂದ ಬರುತ್ತದೆ. ಆಗ ಗುಡುಗು ಕಡಿಮೆ. ಸಿಡಿಲು ಜಾಸ್ತಿ ಏಪ್ರಿಲ್, ಮೇಯಲ್ಲಿ, ಮತ್ತೆ ಅಕ್ಟೋಬರಿನಲ್ಲಿ. ಬೆಳಗಿನ ಬಿಸಿಲಿಗೆ ನೆಲ ಕಾಯುತ್ತದೆ, ಕಡಲಿನ ಹಸಿ ಗಾಳಿ ಘಟ್ಟದ ಕಡೆಗೆ ಹೋಗಿ ಮೇಲೇರುತ್ತದೆ. ಮೋಡ 12 ಕಿ.ಮೀ.ಗಿಂತಲೂ ಎತ್ತರ ಬೆಳೆಯುತ್ತದೆ. ಅದರ ಮೇಲಿನ ಭಾಗದಲ್ಲಿ ಮಂಜುಗಡ್ಡೆಯ ಚೂರುಗಳು ಒಂದಕ್ಕೊಂದು ತಾಗಿ ವಿದ್ಯುತ್ ಬೇರೆಯಾಗುತ್ತದೆ. ಮೂರು, ನಾಲ್ಕು ಗಂಟೆಗೆ ಮೂಡು ದಿಕ್ಕು ಕಪ್ಪಾಯಿತೆಂದರೆ ಆ ಮೋಡ ನಮ್ಮ ಕಡೆಗೇ ಬರುತ್ತಿದೆ ಅಂತ ಲೆಕ್ಕ. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿ.ಮೀ. ಮೂವತ್ತು ಸೆಕೆಂಡಿನ ಒಳಗೆ ಕೇಳಿದರೆ ಮನೆಯೊಳಗೆ ಇರಬೇಕು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಬರಬಾರದು.

ಅಕ್ಟೋಬರಿನ ಒಂದು ಸಂಜೆ ಕೊಯ್ಲಿಗೆ ಬಂದವರು ದೋಟಿ (ಗೊನೆ ಕೊಯ್ಯುವ ಉದ್ದ ಕೋಲು) ಹಿಡಿದು ತೋಟದಲ್ಲಿದ್ದರು. ನಮ್ಮ ಮೇಲೆ ಇನ್ನೂ ಬಿಸಿಲು. ಫೋನಿನಲ್ಲಿ ಮೂಡು ಕಡೆ 20 ಕಿ.ಮೀ. ವೃತ್ತದೊಳಗೆ ಚುಕ್ಕಿಗಳು ಬಂದವು. ನಾನು ಓಡಿಹೋಗಿ, "ಅಣ್ಣ, ದೋಟಿ ಕೆಳಗಿಡಿ, ಚಾ ಕುಡಿಯುವ" ಅಂದೆ. ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ, ಅಲ್ಯೂಮಿನಿಯಂ ಮಾತ್ರ ಅಪಾಯ ಅಂದುಕೊಂಡಿದ್ದಾರೆ. ಅವರು ಚಾವಡಿಗೆ ಬಂದು ಇಪ್ಪತ್ತು ನಿಮಿಷದಲ್ಲಿ ತೋಡಿನ ಬದಿಯ ತೆಂಗಿಗೆ ಸಿಡಿಲು ಬಡಿಯಿತು. ಮರುದಿನ ಅವರೇ ಬಂದು ತಮ್ಮ ಫೋನಿಗೂ ಆ ಆಪ್ ಹಾಕಿಸಿಕೊಂಡರು.

ಮಾಪಕಕ್ಕೆ ಬಂದರೆ, ಇನ್ನೊಂದನ್ನು ಚಳ್ಳಕೆರೆಯಲ್ಲಿ ಕೆಲಸದಲ್ಲಿರುವ ಅಕ್ಕನ ಮಗಳಿಗೆ ಕಳಿಸಿದ್ದೇನೆ. ನಮ್ಮಲ್ಲಿ 142 ಬಂದ ದಿನ ಅವಳು, "ಚಿಕ್ಕಮ್ಮ, ಇಲ್ಲಿ ಸೊನ್ನೆ" ಅಂತ ಕಳಿಸಿದಳು. ಒಂದೇ ಮುಂಗಾರು. ಘಟ್ಟ ಹತ್ತುವಾಗ ತೇವವನ್ನೆಲ್ಲ ನಮ್ಮ ಬದಿಗೆ ಸುರಿದ ಗಾಳಿ ಆಚೆ ಒಣಗಿ ಇಳಿಯುತ್ತದೆ. ಅಲ್ಲಿ ಅಮೃತ್ ಮಹಲ್ ಕಾವಲಿನ ಹುಲ್ಲುಗಾವಲು, ಘಟ್ಟದ ನೆತ್ತಿಯಲ್ಲಿ ನಿತ್ಯಹಸಿರಿನ ಕಾಡು. ಆದರೆ ನಮ್ಮ ಗುಡ್ಡೆಯ ಮೇಲೂ ಹುಲ್ಲೇ! ಮಕ್ಕಳು ಇದನ್ನು ಕೇಳಿದಾಗ ನನಗೆ ಖುಷಿಯಾಯಿತು. ಚಳ್ಳಕೆರೆಯಲ್ಲಿ ಮರಕ್ಕೆ ಸಾಕಾಗುವಷ್ಟು ಮಳೆ ಇಲ್ಲ. ನಮ್ಮ ಗುಡ್ಡೆಯಲ್ಲಿ ಮಳೆ ಇದೆ, ಬೇರು ಇಳಿಯಲು ಮಣ್ಣಿಲ್ಲ, ಬರೀ ಮುರಕಲ್ಲು. ಆ ಕಲ್ಲಿನೊಳಗೆ ಇಳಿದ ನೀರೇ ನಮ್ಮ ಸುರಂಗದಲ್ಲಿ, ಅಂದರೆ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಬಾವಿಯಲ್ಲಿ, ಬೇಸಗೆಗೆ ಹನಿಯುವುದು. ಯಾವ ವರ್ಷ ಎಷ್ಟು ಮಳೆ ಬಂದಾಗ ಸುರಂಗ ಯಾವ ತಿಂಗಳ ತನಕ ಹರಿಯಿತು ಅಂತ ಈಗ ಪುಸ್ತಕದಲ್ಲಿ ಬರೆಯುತ್ತಿದ್ದೇನೆ.

ದೋಷಗಳೂ ಇವೆ. ಎರಡನೇ ವರ್ಷಕ್ಕೆ ಒಳಗೆ ಪಾಚಿ ಕಟ್ಟುತ್ತದೆ, ಹಾಲಿನ ಬಾಟಲಿ ತೊಳೆಯುವ ಬ್ರಷ್ಷಿನಿಂದ ತಿಂಗಳಿಗೊಮ್ಮೆ ಉಜ್ಜಬೇಕು. ಆಲಿಕೆಯ ತೂತಿಗೆ ಒಣ ಎಲೆ, ಹೂವಿನ ಚೂರು ಸಿಕ್ಕಿಕೊಳ್ಳುತ್ತದೆ. ಬೇಸಗೆಯಲ್ಲಿ ಕಣಜ ಗೂಡು ಕಟ್ಟಿತ್ತು. ಹೊರಗಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗಿದೆ, ಕೆಳಗೆ ಸಣ್ಣ ಬಿರುಕು ಕಾಣುತ್ತಿದೆ. ಗೀಟು ಅಚ್ಚೊತ್ತಿದ್ದರಿಂದ ಅಳಿಸಿಲ್ಲ. ಬಣ್ಣ ಬಳಿದ ಗೀಟಿನದ್ದು ಬೇಡ, ಮೊದಲನೆಯದರಲ್ಲಿ ಒಂದೇ ವರ್ಷಕ್ಕೆ ಮಾಸಿಹೋಯಿತು. ಸಪೂರ ಕೊಳವೆ ಒಂದನ್ನೇ ಬಿಡಿಯಾಗಿ ಕೊಡುತ್ತಾರೋ ಅಂತ ಬದಿಯಡ್ಕದ ಅಂಗಡಿಯಲ್ಲಿ ಕೇಳಿದ್ದೇನೆ. ಮುಂದಿನ ಪತ್ತನಾಜೆಯ ಒಳಗೆ ಹೊರಗಿನದ್ದನ್ನೂ ಬದಲಿಸಬೇಕು.